ರೊಟ್ಟಿಯ ಪಾಳಿ

ಬೈಲಹೊಂಗಲದ ನಮ್ಮ ಗುಡಿಯಲ್ಲಿ ಕರ್ತನ ಭೋಜನಕ್ಕೆ ಜೋಳದ ರೊಟ್ಟಿ ಮುರಿಯುತ್ತಿದ್ದೆವು. ಇದನ್ನು ಹೇಳಿದ ಕೂಡಲೇ ಕೆಲವರು, "ಅಯ್ಯೋ ಪಾಪ, ಆಗೆಲ್ಲ ಬ್ರೆಡ್ಡು ಸಿಗುತ್ತಿರಲಿಲ್ಲವೇನೋ" ಅನ್ನುತ್ತಾರೆ. ಅಂಥವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ, ಈಗಲೂ. ಬ್ರೆಡ್ಡು ಸಿಗುತ್ತಿತ್ತು. ಬೆಳಗಾವಿಯಿಂದ ಬಸ್ಸು ಬರುತ್ತಿತ್ತು, ಡ್ರೈವರನಿಗೆ ಒಂದು ಮಾತು ಹೇಳಿದರೆ ತಂದುಕೊಡುತ್ತಿದ್ದ. ನಾವು ರೊಟ್ಟಿ ಮುರಿದದ್ದು ಗತಿಯಿಲ್ಲದೆ ಅಲ್ಲ, ತಿಳಿದೇ ಮುರಿದದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಿಂಗಳ ಮೊದಲ ರವಿವಾರ ನಮ್ಮಲ್ಲಿ ಭೋಜನದ ಆರಾಧನೆ. ಕರ್ತನು ಶಿಲುಬೆಗೆ ಹೋಗುವ ಮುಂಚೆ ತನ್ನವರ ಜೊತೆ ಕೂತು ಉಂಡದ್ದರ ನೆನಪಿಗೆ, ಪಾಲಕರು ರೊಟ್ಟಿ ಮುರಿದು ಒಬ್ಬೊಬ್ಬರಿಗೂ ಒಂದು ಚೂರು ಕೊಡುತ್ತಾರೆ, ಒಂದೇ ಲೋಟದಿಂದ ಒಂದು ಗುಟುಕು ದ್ರಾಕ್ಷಿಯ ರಸ ಕೊಡುತ್ತಾರೆ. ಆ ಪಾಲಕರು ನನ್ನ ಗಂಡ. ಊರವರಿಗೆ ಅವರು ಅಯ್ಯಾರು, ನಾನು ಅಮ್ಮಾರು. ಅವರ ವಶದಲ್ಲಿ ಬೈಲಹೊಂಗಲವಷ್ಟೇ ಅಲ್ಲ, ಕಿತ್ತೂರಿನ ಕೆಲವು ಮನೆಗಳು, ರಾಮದುರ್ಗದ ನೇಕಾರರ ಓಣಿ, ಸವದತ್ತಿ ಮುನವಳ್ಳಿ ಕಡೆಯ ಚದುರಿದ ಕುಟುಂಬಗಳು ಎಲ್ಲ ಇದ್ದವು. ಸೈಕಲ್ಲನ್ನು ಬಸ್ಸಿನ ತಲೆಯ ಮೇಲೆ ಏರಿಸಿಕೊಂಡು ವಾರಪೂರ್ತಿ ತಿರುಗುತ್ತಿದ್ದರು. ನನ್ನ ಗಂಡನಷ್ಟು ಮೆತ್ತಗಿನ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ನನ್ನ ಬಾಯಿಯ ಬಗ್ಗೆ ಊರವರನ್ನೇ ಕೇಳಬೇಕು.

ಗುಡಿಯೇನು ದೊಡ್ಡದಲ್ಲ. ಹಂಚು ಹೊದಿಸಿದ ಒಂದು ಉದ್ದನೆಯ ಕೋಣೆ, ಸೆಗಣಿ ಸಾರಿಸಿದ ನೆಲ, ಅದರ ಮೇಲೆ ಜಮಖಾನೆ. ಚಪ್ಪಲಿ ಹೊರಗೆ ಬಿಟ್ಟು ಬಂದು ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ನೆಲದ ಮೇಲೆ ಕೂರುವುದು. ಸುಣ್ಣ ಹಚ್ಚಿದ ಗೋಡೆಯ ಮೇಲೆ ಒಂದು ಮರದ ಶಿಲುಬೆ. ಅದನ್ನು ನಮ್ಮವನೇ ಒಬ್ಬ ಬಡಿಗ ಮುರಿದ ನೊಗದಿಂದ ಮಾಡಿಕೊಟ್ಟಿದ್ದ. ಲೋಟ ಹಿತ್ತಾಳೆಯದು. ಕಲಾಯಿ ಹಾಕುವ ಸಾಬರು ಓಣಿಗೆ ಬಂದಾಗ ಮೊದಲು ನಮ್ಮ ಮನೆಗೇ ಬರುತ್ತಿದ್ದರು, "ಅಮ್ಮಾ, ದೇವರ ಲೋಟ ಕೊಡ್ರಿ" ಅಂತ. ಆ ಒಂದಕ್ಕೆ ಅವರು ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ರೊಟ್ಟಿ ಮಾತ್ರ ಪಾಳಿಯ ಮೇಲೆ. ಪ್ರತಿ ತಿಂಗಳು ಒಂದೊಂದು ಮನೆಯವರು ಬಡಿದು ತರಬೇಕು. ಈ ಪಾಳಿಯನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಒಂದು ಬಿದಿರಿನ ಬುಟ್ಟಿ ಇತ್ತು, ಅದರೊಳಗೆ ಒಂದು ಬಿಳಿ ಬಟ್ಟೆ. ಈ ತಿಂಗಳು ರೊಟ್ಟಿ ತಂದವಳು ಬಟ್ಟೆ ಒಗೆದು ಮಡಚಿ ಬುಟ್ಟಿಯಲ್ಲಿಟ್ಟು, ತಾನೇ ನಡೆದುಕೊಂಡು ಹೋಗಿ ಮುಂದಿನ ಮನೆಯವಳ ಕೈಗೆ ಕೊಡಬೇಕು. ಕೊಡುವಾಗ ಕೂತು ನಾಲ್ಕು ಮಾತು ಹೇಳಿ ಬರಬೇಕು. ರವಿವಾರ ಬೆಳಿಗ್ಗೆಯೇ ಬಡಿ, ಉಪ್ಪು ಹಾಕಬೇಡ, ಮೆತ್ತಗಿರಲಿ, ಹಲ್ಲಿಲ್ಲದ ಹಿರಿಯರಿದ್ದಾರೆ. ಬುಟ್ಟಿ ಯಾರ ಮನೆಯಲ್ಲಿದೆಯೋ ಅವರದು ಪಾಳಿ. ಅಷ್ಟೇ ಕಾನೂನು.

ಇದನ್ನು ನಾನು ಮದುವೆಯಾಗಿ ಬಂದ ಹೊಸದರಲ್ಲಿ ನೋಡಿದಾಗಲೇ ಮೆಚ್ಚಿಕೊಂಡೆ. ಧಾರವಾಡದ ದೊಡ್ಡ ಗುಡಿಯಲ್ಲಿ ಬೆಳೆದವಳು ನಾನು. ಅಲ್ಲಿ ಎತ್ತರದ ಕಿಟಕಿಗಳು, ಹೊಳೆಯುವ ಬೆಂಚುಗಳು, ಹಾಡಿಗೆ ವಾದ್ಯ ಎಲ್ಲ ಇದ್ದವು, ಚೆನ್ನಾಗಿಯೇ ಇದ್ದವು. ಆದರೆ ಅಲ್ಲಿಯ ಭೋಜನದ ರೊಟ್ಟಿ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಗೊತ್ತಿತ್ತು. ಈ ತಿಂಗಳ ರೊಟ್ಟಿಯ ಅಂಚು ಸೀದಿದ್ದರೆ, ಓಹೋ, ಇವಳ ಮನೆಯ ಸೌದೆ ಹಸಿ ಇತ್ತು ಅಂತ ತಿಳಿಯುತ್ತಿತ್ತು. ಸರಳ ಅಂದರೆ ಬಡತನ ಅಂತ ಅರ್ಥವಲ್ಲ. ಎಲ್ಲಕ್ಕಿಂತ ಸಣ್ಣ ಮನೆಯವರಿಗೂ ತರಲಾಗುವಂಥದ್ದನ್ನು ಮಾತ್ರ ದೇವರ ಮುಂದೆ ಇಡುವುದು, ಅದು ಸರಳ. ಕರ್ತನಾದರೂ ಅವತ್ತು ಕೈಗೆತ್ತಿಕೊಂಡದ್ದು ಆ ಮನೆಯಲ್ಲಿ ದಿನಾ ತಿನ್ನುವ ರೊಟ್ಟಿಯನ್ನೇ ಹೊರತು ಹಬ್ಬದಂಗಡಿಯಿಂದ ತರಿಸಿದ್ದನ್ನಲ್ಲ.

ಇನ್ನು ಈ ಕಥೆಯ ಹೆಣ್ಣುಮಗಳ ವಿಷಯ. ಮುರಗೋಡ ಕಡೆಯವಳು. ಗಂಡ ತೀರಿಕೊಂಡ ಮೇಲೆ ಬೈಲಹೊಂಗಲದ ಜಿನ್ನಿನಲ್ಲಿ, ಅಂದರೆ ಹತ್ತಿಯ ಕಾರ್ಖಾನೆಯಲ್ಲಿ, ಹತ್ತಿ ಹಸನು ಮಾಡುವ ಕೆಲಸಕ್ಕೆ ಸೇರಿದ್ದಳು. ಸಂಜೆ ಮನೆಗೆ ಹೋಗುವಾಗ ಹುಬ್ಬಿನ ಮೇಲೆ, ಕೂದಲ ಮೇಲೆ ಹತ್ತಿಯ ಎಳೆ ಅಂಟಿರುತ್ತಿತ್ತು. ಅವಳ ಗಂಡ ದವಾಖಾನೆಯಲ್ಲಿ ಮಲಗಿದ್ದಾಗ ನಮ್ಮವರು, ಅಯ್ಯಾರು, ದಿನಾ ಹೋಗಿ ಅವನ ಪಕ್ಕ ಕೂರುತ್ತಿದ್ದರು. ಅವನು ಹೋದ ಮೇಲೆ ಇವಳು ತಾನಾಗಿಯೇ ಗುಡಿಗೆ ಬರತೊಡಗಿದಳು, ಬಾಗಿಲ ಹತ್ತಿರ ಕೂರುತ್ತಿದ್ದಳು, ಮುಂದೆ ದೀಕ್ಷಾಸ್ನಾನವನ್ನೂ ಪಡೆದಳು. ಊರ ಹೊರಗಿನ ಓಣಿಯವಳು. ಹೀಗಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾವೆಲ್ಲ ಎರಡು ತಲೆಮಾರಿನ ಹಿಂದೆ ಎಲ್ಲೆಲ್ಲಿಂದಲೋ ಎದ್ದು ಬಂದವರೇ. ಆದರೂ ಹಳೆಯ ಚಾಳಿ ನಾಯಿಯ ಬಾಲದ ಹಾಗೆ, ನಳಿಗೆಯಲ್ಲಿಟ್ಟರೂ ಡೊಂಕು. ಯಾರೂ ಅವಳಿಗೆ ಕೆಟ್ಟ ಮಾತು ಆಡಲಿಲ್ಲ. ನಗುತ್ತಿದ್ದರು, "ಆರಾಮಿದ್ದೀಯೇನವಾ" ಅನ್ನುತ್ತಿದ್ದರು. ಆದರೆ ಅವಳ ಮನೆಯಲ್ಲಿ ಚಹಾ ಕುಡಿದವರು ನಾನು, ನನ್ನ ಗಂಡ ಇಬ್ಬರೇ. ಭೋಜನದ ಲೋಟ ಮುಂದಿನ ಸಾಲಿನಿಂದ ಹಿಂದಕ್ಕೆ ಹೋಗುತ್ತದೆ, ಬಾಗಿಲ ಹತ್ತಿರದವಳ ತುಟಿಗೆ ಮುಟ್ಟುವುದು ಕೊನೆಗೆ. ಹಾಗಾಗಿ ಲೋಟದಿಂದ ಯಾರಿಗೂ ಅಡಚಣೆ ಆಗಿರಲಿಲ್ಲ. ರೊಟ್ಟಿ ಹಾಗಲ್ಲ. ಅದು ಅವಳ ಕೈಯಿಂದ ಶುರುವಾಗಿ ಎಲ್ಲರ ಬಾಯಿಗೆ ಹೋಗಬೇಕು. ದೀಕ್ಷೆಯಾಗಿ ವರ್ಷ ತುಂಬಿದರೆ ಆ ಮನೆಯೂ ಪಾಳಿಗೆ ಸೇರಬೇಕು ಅನ್ನುವುದು ನಮ್ಮ ರೂಢಿ. ವರ್ಷ ತುಂಬಿತ್ತು.

ಆಗ ಬುಟ್ಟಿ ಇದ್ದದ್ದು ಸಭೆಯ ಹಿರಿಯರೊಬ್ಬರ ಮನೆಯಲ್ಲಿ. ಅರಳೆ ಅಂಗಡಿಯಲ್ಲಿ ಗುಮಾಸ್ತರು, ಬಿಳಿ ಟೊಪ್ಪಿಗೆ, ಇಸ್ತ್ರಿಯ ಅಂಗಿ, ಗುಡಿಯ ಕೆಲಸ ಅಂದರೆ ಊಟ ಬಿಟ್ಟು ಓಡಿ ಬರುವವರು. ಅವರ ತಾಯಿ ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳು, ತೊರಗಲ್ಲಿನ ಹೆಣ್ಣುಮಗಳು, ನಾವೆಲ್ಲ ಆಯಿ ಅನ್ನುತ್ತಿದ್ದೆವು. ಕಿವಿ ಮಂದ, ಹಲ್ಲು ಒಂದೂ ಇಲ್ಲ, ದನಿ ಮಾತ್ರ ಸಂತೆಗೆ ಕೇಳಿಸುವಂಥದ್ದು. ಈ ಗುಡಿಯಲ್ಲಿ ಮೊದಲ ರೊಟ್ಟಿ ಬಡಿದವಳು ತಾನೇ ಅಂತ ಹೇಳಿಕೊಳ್ಳುತ್ತಿದ್ದಳು, ಇಲ್ಲ ಅನ್ನುವುದಕ್ಕೆ ಆ ಕಾಲದವರು ಯಾರೂ ಉಳಿದಿರಲಿಲ್ಲ. ಇದೇ ಆಯಿ, ಜಿನ್ನಿನ ಹೆಣ್ಣುಮಗಳು ಒಮ್ಮೆ ಪಕ್ಕದಲ್ಲಿ ಕೂತಾಗ, ಸೀರೆಯ ಸೆರಗನ್ನು ತನ್ನ ಕಡೆಗೆ ಎಳೆದುಕೊಂಡಿದ್ದಳು. ಅದನ್ನು ನಾನೂ ನೋಡಿದ್ದೆ, ಅವಳೂ ನೋಡಿದ್ದಳು. ಅವತ್ತಿನಿಂದಲೇ ಅವಳು ಬಾಗಿಲು ಬಿಟ್ಟು ಒಳಗೆ ಸರಿಯುತ್ತಿರಲಿಲ್ಲ.

ಹಿರಿಯರ ಮನೆಯ ಪಾಳಿ ಮುಗಿಯಿತು. ಬುಟ್ಟಿ ಇನ್ನು ಅವಳ ಮನೆಗೆ ಹೋಗಬೇಕು. ಸರಿಯಾಗಿ ಆಗಲೇ ಇಂಜಿನಿಯರ್ ಸಾಹೇಬರು ನಡುವೆ ಬಂದದ್ದು.

ನವಿಲುತೀರ್ಥದಲ್ಲಿ ಆಣೆಕಟ್ಟು ಎದ್ದು, ಕಾಲುವೆಗಳ ಕೆಲಸ ನಡೆದಿದ್ದ ವರ್ಷಗಳು ಅವು. ಅಲ್ಲಿಯ ಕಾಲೊನಿಗೆ ಮಂಗಳೂರು ಕಡೆಯ ಕ್ರೈಸ್ತರೊಬ್ಬರು ವರ್ಗವಾಗಿ ಬಂದಿದ್ದರು. ರವಿವಾರ ಜೀಪಿನಲ್ಲಿ ಗುಡಿಗೆ ಬರುತ್ತಿದ್ದರು. ಒಳ್ಳೆಯ ಮನುಷ್ಯ. ನಮ್ಮ ನೆಲದ ಮೇಲೆ ಪ್ಯಾಂಟು ಮಡಚಿಕೊಂಡು ಕಷ್ಟಪಟ್ಟು ಕೂರುವರು, ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಹಿರಿಯರ ಪಾಳಿಯ ಆ ಭೋಜನದ ಆರಾಧನೆ ಮುಗಿದ ಮೇಲೆ ನಮ್ಮವರ ಹತ್ತಿರ ಬಂದು, "ಪಾಲಕರೇ, ಮುಂದಿನ ಸಲದಿಂದ ರೊಟ್ಟಿಯ ಚಿಂತೆ ನಿಮಗೆ ಬೇಡ. ಬೆಳಗಾವಿಯ ಬೇಕರಿಯಿಂದ ತಾಜಾ ಬ್ರೆಡ್ಡು ನಾನು ತಂದುಕೊಡುತ್ತೇನೆ" ಅಂದರು. ಜೊತೆಗೆ ಬೆಳ್ಳಿಯ ಹೊಳಪಿನ ಒಂದು ತಟ್ಟೆಯನ್ನೂ ಕೊಟ್ಟರು. ನಮ್ಮವರು ಏನಾದರೂ ಹೇಳುವ ಮುಂಚೆಯೇ ಪಕ್ಕದಲ್ಲಿದ್ದ ಹಿರಿಯರು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಹಿರಿಯರಿಗೆ ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದ ಹಾಗಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥ ಕೋಲನ್ನು ಯಾರೋ ತಂದು ಕೈಗೇ ಕೊಟ್ಟಿದ್ದರು. ಆ ವಾರವೇ ಸಭೆಯ ನಾಲ್ಕು ಜನ ಗಂಡಸರು ಕೂತು, ಇನ್ನು ಮುಂದೆ ಬ್ರೆಡ್ಡು ಅಂತ ತೀರ್ಮಾನ ಮಾಡಿದರು. ನಾನು ಚಹಾ ಕೊಡುವ ನೆವದಲ್ಲಿ ಒಳಗೆ ಹೋಗಿ ನಿಂತೆ.

"ಪಾಳಿ ಯಾಕ ನಿಲ್ಲಸ್ತೀರಿ ಹಿರಿಯರ?" ಅಂತ ಕೇಳಿದೆ.

"ನಿಲ್ಲಸೂದೇನ ಬಂತ್ರಿ ಅಮ್ಮಾರ. ಬ್ರೆಡ್ ಆದ್ರ ಎಲ್ಲಾರಿಗೂ ಒಂದ ನಮೂನಿ ಇರತೈತಿ. ಒಬ್ಬರ ಮನೀದು ದಪ್ಪ, ಒಬ್ಬರ ಮನೀದು ಸುಟ್ಟದ್ದು ಅನ್ನಂಗಿಲ್ಲ. ಮ್ಯಾಲ ಸ್ವಚ್ಛ ಇರತೈತಿ."

"ಇಷ್ಟ ವರ್ಷ ಎಲ್ಲಾರೂ ಹೊಲಸ ತಿಂದಿವೇನ್ರಿ ಹಂಗಾರ? ಮೊನ್ನೆ ರವಿವಾರ ನಿಮ್ಮನಿದ ತಿಂದೀವಿ."

ಹಿರಿಯರು ಬಸಿಯಲ್ಲಿ ಚಹಾ ಸುರಿದುಕೊಂಡು ಊದತೊಡಗಿದರು. ಆಮೇಲೆ ದನಿ ತಗ್ಗಿಸಿ, "ನಮ್ಮವ್ವಗ ವಯಸ್ಸಾಗೇತ್ರಿ. ಆಕಿ ತಿನ್ನಂಗಿಲ್ಲ. ಗುಡ್ಯಾಗ ಗದ್ದಲ ಬ್ಯಾಡ ಅಂತ," ಅಂದರು. ಯಾವುದನ್ನು ತಿನ್ನುವುದಿಲ್ಲ, ಯಾರದನ್ನು ತಿನ್ನುವುದಿಲ್ಲ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದಿದ್ದರೂ ಅಲ್ಲಿದ್ದವರಿಗೆಲ್ಲ ತಿಳಿದಿತ್ತು.

ಅವತ್ತು ನಮ್ಮವರ ಜೊತೆ ಅಡುಗೆಮನೆಯಲ್ಲಿ ದೊಡ್ಡ ಜಗಳವಾಯಿತು. ಅಂದರೆ ಜಗಳ ಆಡಿದವಳು ನಾನು, ಅವರು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದರು.

"ಸಾಹೇಬ್ರು ಪ್ರೀತಿಲೆ ಕೊಟ್ಟಾರ. ಬ್ಯಾಡ ಅಂತ ಹೆಂಗ ಅನ್ನೂದು?" ಅಂದರು.

"ಅವರು ಪ್ರೀತಿಲೆ ಕೊಟ್ಟಾರ, ಖರೆ. ಅದನ್ನ ತಗೊಂಡವರು ಯಾವದಕ್ಕ ಬಳಸಾಕ ಹತ್ಯಾರ ನೋಡ್ರಿ. ಒಂದ ಹೆಣ್ಣಮಗಳ ಮಾರಿ ಮ್ಯಾಲ ಬಾಗಲಾ ಹಾಕಾಕ ಬೆಳ್ಳಿ ತಟ್ಟಿ ಬೇಕಾತೇನ್ರಿ?"

ಅವರು ಬಿಡಿಸಿದ ಬೆಳ್ಳುಳ್ಳಿಯನ್ನು ನನ್ನ ಮುಂದೆ ಇಟ್ಟು ಎದ್ದುಹೋದರು. ನನಗೆ ಬಂದ ಸಿಟ್ಟಿಗೆ ಅವತ್ತಿನ ಚಟ್ನಿಯನ್ನು ಯಾರಿಗೂ ಬಾಯಿಗಿಡಲಾಗಲಿಲ್ಲ, ಅಷ್ಟು ಖಾರವಾಗಿತ್ತು.

ಭೋಜನದ ರವಿವಾರ ಹತ್ತಿರ ಬಂದಾಗ ಒಂದು ಸಂಜೆ ಜಿನ್ನು ಬಿಟ್ಟ ಮೇಲೆ ಅವಳು ನಮ್ಮ ಮನೆಗೆ ಬಂದಳು. ಒಳಗೆ ಬಾ ಅಂದರೂ ಪಡಸಾಲೆಯ ಅಂಚಿಗೇ ಕೂತಳು. ಸೆರಗಿನಿಂದ ಹುಬ್ಬಿನ ಹತ್ತಿ ಒರೆಸಿಕೊಂಡು ಕೇಳಿದಳು.

"ಅಮ್ಮಾರ, ಬುಟ್ಟಿ ಬರಲಿಲ್ರಿ. ನನ್ನ ಪಾಳಿ ಹೋತೇನ್ರಿ?"

ನಾನು ಬಂದು ಅವಳ ಪಕ್ಕದಲ್ಲೇ ಕೂತೆ.

"ಜ್ವಾಳಾ ಹಸನ ಮಾಡಿ, ತೊಳದು, ಒಣಗಿಸಿ, ಬೀಸಿ ಇಟ್ಟೇನ್ರಿ," ಅಂದಳು. "ಗಿರಣಿಗೆ ಹಾಕಿಸಿಲ್ರಿ, ಅಲ್ಲೆ ಎಲ್ಲಾರ ಹಿಟ್ಟೂ ಕೂಡತೈತಿ ಅಂತ. ಹಂಚೂ ಹೊಸಾದು ತಂದೇನಿ. ಬ್ರೆಡ್ ಬರತೈತಂತ, ಜಿನ್ನಿನಾಗ ಅಂದ್ರು. ಬ್ರೆಡ್ ಬರಲಿರಿ, ಚಲೋನ ಆತು. ನನಗೊಂದ ಹೇಳ್ರಿ. ಬ್ರೆಡ್ ಬಂದಿದ್ದಕ್ಕ ನನ್ನ ಪಾಳಿ ಹೋತೋ, ನನ್ನ ಪಾಳಿ ಬಂದಿದ್ದಕ್ಕ ಬ್ರೆಡ್ ಬಂತೋ?"

ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅವಳ ಕಣ್ಣಲ್ಲಿ ಇರಲಿಲ್ಲ. ದವಾಖಾನೆಯಲ್ಲಿ ಗಂಡನ ಹಾಸಿಗೆಯ ಪಕ್ಕದಲ್ಲೂ ಅವಳು ಹೀಗೆಯೇ ಕೂತಿದ್ದಳಂತೆ, ನೆಟ್ಟಗೆ. ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆ ಅದು. ನಾನು ಸುಳ್ಳು ಹೇಳಿದ್ದರೆ ಅವಳು ಮತ್ತೆ ಗುಡಿಗೆ ಬರುತ್ತಿರಲಿಲ್ಲ ಅಂತ ನನಗೆ ಅನಿಸಿತು, ಈಗಲೂ ಹಾಗೆಯೇ ಅನಿಸುತ್ತದೆ.

"ನಿನ್ನ ಪಾಳಿ ಬಂದಿದ್ದಕ್ಕ ಬ್ರೆಡ್ ಬಂತವಾ," ಅಂದೆ. "ಆದ್ರ ಪಾಳಿ ಹೋಗಿಲ್ಲ. ಬುಟ್ಟಿ ಬರದಿದ್ರ ಏನಾತು, ನೀ ಬಡಿ. ತಗೊಂಡು ಬಾ. ಯಾರೂ ತಿನ್ನದಿದ್ರ ನಾವಿಬ್ಬರು ಗಂಡಾ ಹೆಂಡತಿ ತಿಂತೀವಿ."

ಅವಳು "ಹೂನ್ರಿ" ಅಂದು ಎದ್ದು ಹೋದಳು. ನಾನು ಆಡಿದ ಮಾತು ಒಳಗಿದ್ದ ನಮ್ಮವರಿಗೆ ಕೇಳಿಸಿತ್ತು.

ರವಿವಾರ ಬಂತು. ಸಾಹೇಬರ ಜೀಪು ಹೊತ್ತಿಗೆ ಮುಂಚೆಯೇ ಬಂದು ನಿಂತಿತ್ತು. ಮೇಜಿನ ಮೇಲೆ ಹೊಸ ತಟ್ಟೆ, ಅದರ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬ್ರೆಡ್ಡು, ಪಕ್ಕದಲ್ಲಿ ನಮ್ಮ ಹಳೆಯ ಲೋಟ. ಆಯಿ ಎಂದಿನಂತೆ ಹೆಂಗಸರ ಕಡೆ ಎಲ್ಲರಿಗಿಂತ ಮುಂದೆ, ಮೇಜಿಗೆ ಮೊಳಕಾಲು ತಾಗುವ ಹಾಗೆ ಕೂತಿದ್ದಳು, ಕೇಳಿಸುವುದಿಲ್ಲವಲ್ಲ, ಅದಕ್ಕೆ. ಜಿನ್ನಿನವಳು ಬಾಗಿಲ ಹತ್ತಿರ. ಮಡಿಲಲ್ಲಿ ಸೆರಗಿನ ಕೆಳಗೆ ಒಂದು ಗಂಟು ಇತ್ತು. ನಮ್ಮ ಮನೆಗೆ ತಂದುಕೊಡುತ್ತಾಳೆ ಅಂತ ನಾನು ಕಾದಿದ್ದೆ, ಅವಳು ನೇರ ಗುಡಿಗೇ ತಂದಿದ್ದಳು.

ಹಾಡು, ವಾಚನ, ಪ್ರಾರ್ಥನೆ ಮುಗಿದವು. ನಮ್ಮವರು ಮೇಜಿನ ಮುಂದೆ ನಿಂತು ಬಟ್ಟೆ ತೆಗೆದರು. ಎಲ್ಲರೂ ತಲೆ ತಗ್ಗಿಸಿ ಕೂತಿದ್ದರು. ಆಗ ಆಯಿಯ ದನಿ ಎದ್ದಿತು.

"ಯಾರಿಗೋ ಜಡ್ಡಾಗಿದ್ದು?"

ಆ ಕಾಲಕ್ಕೆ ನಮ್ಮ ಕಡೆ ಬ್ರೆಡ್ಡು ಅಂದರೆ ಜಡ್ಡು ಬಿದ್ದವರ ಊಟ. ಜ್ವರದವರಿಗೆ, ದವಾಖಾನೆಯಲ್ಲಿ ಮಲಗಿದವರಿಗೆ ಹಾಲಿನಲ್ಲಿ ಅದ್ದಿ ಕೊಡುವಂಥದ್ದು. ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು ಹೊರಟರೆ ದಾರಿಯಲ್ಲಿ ಸಿಕ್ಕವರೆಲ್ಲ ನಿಂತು, ಮನೆಯಲ್ಲಿ ಯಾರಿಗೆ ಆರಾಮಿಲ್ಲ ಅಂತ ಕೇಳಿಯೇ ಮುಂದೆ ಹೋಗುತ್ತಿದ್ದರು. ಬ್ರೆಡ್ಡಿನ ತೀರ್ಮಾನ ಮಾಡಿದ ಗಂಡಸರಿಗೆ ಸ್ವಚ್ಛತೆ ಹೊಳೆದಿತ್ತು, ತಟ್ಟೆ ಹೊಳೆದಿತ್ತು, ಇದು ಹೊಳೆದಿರಲಿಲ್ಲ.

ಹಿರಿಯರು ಗಂಡಸರ ಸಾಲಿನಿಂದ ಬಗ್ಗಿ, ಅವಳಿಗೆ ಕೇಳಿಸುವಷ್ಟು ದನಿ ಏರಿಸಿ, "ಯವ್ವಾ, ಸುಮ್ನಿರ. ಭೋಜನಕ್ಕ ಅದು" ಅಂದರು.

"ಭೋಜನಕ್ಕ ಬ್ರೆಡ್ಡ? ಯಾಕ, ಕರ್ತಗೂ ಆರಾಮ ಇಲ್ಲೇನ?"

ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು. ಮಕ್ಕಳಿಗೆ ಸೆರಗಿರಲಿಲ್ಲ, ಅವು ನಕ್ಕೇಬಿಟ್ಟವು. ಆಯಿ ಮಾತ್ರ ನಗಲಿಲ್ಲ.

"ನಿಮ್ಮಪ್ಪ ದವಾಖಾನ್ಯಾಗ ಕಡೀಕ ತಿಂದಿದ್ದು ಇದನ್ನ. ನಾ ಇದನ್ನ ಮುಟ್ಟಾಂಗಿಲ್ಲ. ರೊಟ್ಟಿ ಎಲ್ಲೈತಿ? ಈ ತಿಂಗಳ ಯಾರ ಪಾಳಿ?"

ನಗು ನಿಂತುಹೋಯಿತು. ಆಯಿಗೆ ಕೇಳಿಸುವುದಿಲ್ಲ ಅಂತ ಮನೆಯಲ್ಲಿ ಯಾರೂ ಅವಳಿಗೆ ಏನನ್ನೂ ಹೇಳಿರಲಿಲ್ಲ. ಅವಳ ಹೆಸರು ಮುಂದೆ ಮಾಡಿಕೊಂಡು ಮಾಡಿದ ಕೆಲಸ ಅವಳಿಗೇ ಗೊತ್ತಿರಲಿಲ್ಲ. ಆದರೆ ಅವಳಿಗೆ ಕಣ್ಣಿದ್ದವು.

"ಬುಟ್ಟಿ ಇನ್ನೂ ನಮ್ಮನಿ ಗೂಟಕ್ಕ ತೂಗಾಕ ಹತ್ತೇತಲ್ಲೋ! ಯಾಕ ಕಳಸಿಲ್ಲ? ನಾ ಇರೂತನಕ ಬುಟ್ಟಿ ಒಂದ ಸಲಾನೂ ತಡದಿಲ್ಲ!"

ಹಿರಿಯರ ಮುಖ ನೋಡುವ ಹಾಗಿರಲಿಲ್ಲ. ಸಾಹೇಬರು ಗಾಬರಿಯಾಗಿ ಪಕ್ಕದವರನ್ನು, "ಪಾಳಿ ಎಂದರೇನು?" ಅಂತ ಕೇಳಿದರು. ಪಕ್ಕದವರು ಪಿಸುಗುಟ್ಟಿ ಹೇಳಿದರು. ಕೇಳಿದ ಸಾಹೇಬರು ಮೆಲ್ಲಗೆ, "ಅಯ್ಯೋ, ನಿಮಗೆ ಬ್ರೆಡ್ಡು ಸಿಗುವುದಿಲ್ಲವೇನೋ ಎಂದುಕೊಂಡೆ" ಅಂದರು. ಪಾಪ ಅನಿಸಿತು ನನಗೆ.

ಆಗ ನಮ್ಮವರು, ಯಾರಿಗೂ ಇಲ್ಲ ಅನ್ನಲು ಬಾರದ ಆ ಮನುಷ್ಯ, ಬಟ್ಟೆಯನ್ನು ತೆಗೆದುಕೊಂಡು ಬ್ರೆಡ್ಡಿನ ಮೇಲೆ ಮತ್ತೆ ಹೊದಿಸಿದರು. ತಟ್ಟೆಯನ್ನು ಮೇಜಿನ ಒಂದು ಬದಿಗೆ ಸರಿಸಿದರು. "ಈ ತಿಂಗಳ ಯಾರ ಪಾಳಿ ಐತೋ ಅವರು ಮುಂದ ಬರ್ರಿ," ಅಂದರು. ಅವಳ ಕಡೆ ನೋಡಿ ಹೇಳಲಿಲ್ಲ, ಎದುರಿನ ಗೋಡೆ ನೋಡಿ ಹೇಳಿದರು. ಮದುವೆಯಾದ ಮೇಲೆ ನನ್ನ ಗಂಡನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಅವಳು ಏಳಲಿಲ್ಲ. ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. ಎದ್ದು ಹೋಗಿ ಅವಳ ಕೈ ಹಿಡಿದು ಕರೆತರಲೇ ಅನಿಸಿತು. ಆದರೆ ನಾನು ಎಳೆದುಕೊಂಡು ಬಂದರೆ ಅದು ನನ್ನ ಹಟದ ರೊಟ್ಟಿ ಆಗುತ್ತದೆ, ಅವಳ ಪಾಳಿಯ ರೊಟ್ಟಿ ಆಗುವುದಿಲ್ಲ. ಹಲ್ಲು ಕಚ್ಚಿ ಕೂತೆ. ಅದಕ್ಕಿಂತ ಕಷ್ಟದ ಕೆಲಸ ನಾನು ಹೆಚ್ಚು ಮಾಡಿಲ್ಲ.

ಅವಳು ಎದ್ದಳು. ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಎರಡು ಸಾಲಿನ ನಡುವೆ ನಡೆದು ಬಂದು, ಮೇಜಿನ ಮೇಲೆ ಗಂಟು ಇಟ್ಟಳು.

"ಯಾರ ಇಕಿ?" ಅಂತ ಆಯಿ ಕೇಳಿದಳು. ಪಕ್ಕದ ಹೆಂಗಸು ಕಿವಿಯಲ್ಲಿ ಹೇಳಿದಳು. ಆಯಿ ತಲೆಯೆತ್ತಿ ಅವಳನ್ನೇ ನೋಡಿದಳು. ಆ ಸೆರಗು ಎಳೆದುಕೊಂಡ ದಿನ ನನಗೆ ನೆನಪಾಯಿತು, ಅವರಿಬ್ಬರಿಗೂ ಆಗಿರಲೇಬೇಕು.

"ಹಿಟ್ಟು ಗಿರಣೀದೋ, ಬೀಸಿದ್ದೋ?" ಅಂತ ಆಯಿ ಕೇಳಿದಳು.

"ಬೀಸಿದ್ದರಿ, ಆಯೀ."

ನಮ್ಮವರು ಗಂಟು ಬಿಚ್ಚಿದರು. ನೋಡಿದರೆ ಖಡಕ್ ರೊಟ್ಟಿ! ಕಾಗದದಷ್ಟು ತೆಳ್ಳಗೆ, ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ, ಎಲ್ಲೂ ಒಂದು ಕಪ್ಪು ಚುಕ್ಕೆಯಿಲ್ಲ. ಅವಳ ಮನೆಯಲ್ಲಿ ಹಬ್ಬಕ್ಕೆ, ಬೀಗರಿಗೆ, ಊರಿಗೆ ಹೊರಟವರ ಬುತ್ತಿಗೆ ಮಾಡುವುದು ಖಡಕ್ ರೊಟ್ಟಿಯನ್ನೇ. ದೇವರಿಗೆ ಅಂದ ಮೇಲೆ ಅದಕ್ಕಿಂತ ಕಡಿಮೆ ಮಾಡುವುದುಂಟೇ? ಶನಿವಾರವೇ ಬಡಿದು, ಹಂಚಿನ ಮೇಲೆ ಒಣಗಿಸಿಬಿಟ್ಟಿದ್ದಳು. ಮೆತ್ತಗಿರಬೇಕು ಅಂತ ಅವಳಿಗೆ ಯಾರು ಹೇಳಬೇಕಿತ್ತು? ಬುಟ್ಟಿಯ ಜೊತೆ ಹೋಗಬೇಕಾದ ಆ ನಾಲ್ಕು ಮಾತು ಬುಟ್ಟಿಯ ಜೊತೆಯೇ ಗೂಟಕ್ಕೆ ತೂಗುತ್ತಿದ್ದವು.

ನಮ್ಮವರು ರೊಟ್ಟಿ ಎತ್ತಿ ಹಿಡಿದು ಮುರಿದರು. ಟಪ್ ಅಂತ ಅದು ಮುರಿದ ಸದ್ದು ಗುಡಿಯ ಕೊನೆಯ ಗೋಡೆಗೆ ಕೇಳಿಸಿತು, ಆಯಿಗೂ ಕೇಳಿಸಿರಬೇಕು. ಚೂರುಗಳು ಮೇಜಿನ ಮೇಲೆಲ್ಲ ಸಿಡಿದವು. ನಾನು ಎಷ್ಟೋ ಭೋಜನ ನೋಡಿದ್ದೇನೆ, ಮುರಿಯುವುದು ಅಂದರೆ ಏನು ಅಂತ ನನಗೆ ತಿಳಿದದ್ದು ಅವತ್ತು.

ಮೊದಲ ಚೂರು ಆಯಿಗೇ ಹೋಗಬೇಕು, ಮುಂದೆ ಕೂತವಳು ಅವಳು. ನಮ್ಮವರು ಬಗ್ಗಿ ಕೈ ನೀಡಿದರು. ಆಯಿಯ ಎರಡೂ ಕೈ ಮಡಿಲಲ್ಲೇ ಇದ್ದವು. ನಮ್ಮವರು ಕೈ ಹಿಂದೆಗೆಯದೆ ಹಾಗೆಯೇ ನಿಂತರು. ಕೊನೆಗೆ ಆಯಿ ಬಲಗೈ ಎತ್ತಿ ಅಂಗೈ ಬಿಚ್ಚಿದಳು. ರೊಟ್ಟಿಯ ಚೂರು ತೆಗೆದುಕೊಂಡು ಬಾಯಲ್ಲಿ ಹಾಕಿಕೊಂಡಳು. ಆಮೇಲೆ ಎಲ್ಲರೂ ತೆಗೆದುಕೊಂಡರು, ಹಿರಿಯರೂ ತೆಗೆದುಕೊಂಡರು. ಗುಡಿಯ ತುಂಬ ಕಟುಂ ಕುಟುಂ ಸದ್ದು, ಹುರಿಗಡಲೆ ತಿಂದ ಹಾಗೆ.

ಹಲ್ಲಿಲ್ಲದ ಆಯಿಗೆ ಆ ಖಡಕ್ ರೊಟ್ಟಿಯನ್ನು ಅಗಿಯಲಾಗಲಿಲ್ಲ. ನುಂಗಲೂ ಆಗದು, ಕರ್ತನ ಭೋಜನವನ್ನು ಉಗುಳುವ ಹಾಗೆ ಅಂತೂ ಇಲ್ಲವೇ ಇಲ್ಲ. ದವಡೆಗೆ ಒತ್ತಿಕೊಂಡು ನೆನೆಯಲಿ ಅಂತ ಕೂತಳು. ಲೋಟ ಬಂದಾಗ ಒಂದು ಗುಟುಕು ಕುಡಿದಳು, ಆದರೂ ಕೆನ್ನೆ ಉಬ್ಬಿಯೇ ಇತ್ತು. ಕೊನೆಯ ಹಾಡಿಗೆ ಅವಳ ದನಿ ಸೇರಲಿಲ್ಲ. ಆಶೀರ್ವಾದಕ್ಕೆ ಎದ್ದು ನಿಂತಾಗಲೂ ಆ ಹೆಣ್ಣುಮಗಳ ರೊಟ್ಟಿ ಆಯಿಯ ಬಾಯಲ್ಲೇ ಇತ್ತು.

ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ನಿಂತಿದ್ದೆವು. ನಮ್ಮವರು ಬ್ರೆಡ್ಡನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ದವಾಖಾನೆಗೆ ಹೊರಟರು, ಅದು ತನ್ನ ಜಾಗಕ್ಕೆ ಹೋಯಿತು. ಸಾಹೇಬರು ನನ್ನ ಹತ್ತಿರ ಬಂದು, "ಅಮ್ಮಾ, ನಮ್ಮ ಮನೆಗೂ ಒಂದು ಪಾಳಿ ಕೊಡಿ. ಆದರೆ ನನ್ನ ಹೆಂಡತಿಗೆ ಜೋಳದ ರೊಟ್ಟಿ ಬಡಿಯಲು ಬರುವುದಿಲ್ಲ" ಅಂದರು. "ನಿಮ್ಮನ್ಯಾಗ ದಿನಾ ಏನ ತಿಂತೀರಿ ಅದನ್ನ ತರ್ರಿ" ಅಂದೆ. ಅವರು ಅಕ್ಕಿರೊಟ್ಟಿ ತರಬಹುದೇ ಅಂತ ಕೇಳಿದರು. ಯಾಕಾಗಬಾರದು ಅಂದೆ. ಅಷ್ಟರಲ್ಲಿ ಹಿರಿಯರು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಓಣಿಯ ತಿರುವಿನಿಂದ ಬರುವುದು ಕಂಡಿತು, ಕೈಯಲ್ಲಿ ಬುಟ್ಟಿ. ಯಾರೂ ಹೇಳಿರಲಿಲ್ಲ, ತಾವೇ ಹೋಗಿ ತಂದಿದ್ದರು. ನೇರವಾಗಿ ಅವಳ ಮುಂದೆ ಬಂದು ನಿಂತು, ಅವಳ ಕೈಗೇ ಕೊಟ್ಟರು. "ತಡಾ ಆತವಾ," ಅಂದರು. ಅಷ್ಟು ಹೇಳುವುದಕ್ಕೆ ಆ ಮನುಷ್ಯನಿಗೆ ಎಷ್ಟು ಕಷ್ಟವಾಯಿತು ಅಂತ ನಾನು ನೋಡಿದೆ.

ಆಯಿ ಗುಡಿಯ ಹೊಸ್ತಿಲ ಮೇಲೆ ಕೂತಿದ್ದಳು. ಬಾಯಿ ಇನ್ನೂ ಆಡುತ್ತಿತ್ತು. ಕೊನೆಗೆ ನುಂಗಿದಳು, ಗಂಟಲು ಏರಿ ಇಳಿದದ್ದು ಕಾಣಿಸಿತು. ಜಿನ್ನಿನವಳು ಬುಟ್ಟಿ ಹಿಡಿದುಕೊಂಡು ಅವಳ ಮುಂದಿನಿಂದಲೇ ಹಾದುಹೋಗಬೇಕಿತ್ತು. ಆಯಿ ಕೈಚಾಚಿ ಬುಟ್ಟಿಯ ಅಂಚು ಹಿಡಿದು ಅವಳನ್ನು ನಿಲ್ಲಿಸಿದಳು. ಬುಟ್ಟಿಯ ಜೊತೆ ಹೇಳಬೇಕಾದ ಮಾತು ಬಾಕಿ ಇತ್ತಲ್ಲ, ಅದನ್ನು ಹೇಳಿದಳು, ಇಡೀ ಓಣಿಗೆ ಕೇಳುವ ಹಾಗೆ.

"ಮುಂದಿನ ಪಾಳಿಗೆ ಮೆತ್ತಗ ಮಾಡವಾ. ನನಗ ಹಲ್ಲಿಲ್ಲ."